ಹಳೆಯ ಲ್ಯಾಂಪ್ ಸ್ಟ್ಯಾಂಡ್: ಹಿತ್ತಾಳೆಯೋ, ಮರವೋ?

ಹಳೆಯ ಟೇಬಲ್ ಲ್ಯಾಂಪಿನ ಸ್ಟ್ಯಾಂಡ್ ತಂದು ಸರಿಮಾಡಿಕೊಳ್ಳುವುದಾದರೆ ನನ್ನ ಓಟು ಮರಕ್ಕೆ. ಹಿತ್ತಾಳೆಯ ಚೆಲುವಿಗೆ ನಾನೂ ಸೋತವನೇ. ಆದರೆ ಇವತ್ತು ನನ್ನ ಮಂಚದ ಪಕ್ಕ ಉರಿಯುತ್ತಿರುವುದು ಮರದ್ದು.

ಹಿತ್ತಾಳೆಯದು ಸಿಕ್ಕಿದ್ದು ಬೆಂಗಳೂರಿನ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಸಂಡೇ ಬಜಾರಿನಲ್ಲಿ, ಮರದ್ದು ಶಿವಾಜಿನಗರದ ಗುಜರಿಯಲ್ಲಿ. ಹಿತ್ತಾಳೆ ಮಾರುವವರು ತೂಕದ ಲೆಕ್ಕದಲ್ಲಿಯೇ ಮಾತು ಶುರುಮಾಡುತ್ತಾರೆ. ಸ್ಟ್ಯಾಂಡ್ ವಾಲದಿರಲೆಂದು ಬುಡದೊಳಗೆ ಕಬ್ಬಿಣದ ಬಿಲ್ಲೆಯನ್ನೋ ಸಿಮೆಂಟನ್ನೋ ತುಂಬಿರುವುದುಂಟು. ಅದಕ್ಕೂ ಹಿತ್ತಾಳೆಯ ದರ ತೆರುವುದು ಯಾವ ನ್ಯಾಯ? ಜೇಬಿನಲ್ಲೊಂದು ಆಯಸ್ಕಾಂತ ಇಟ್ಟುಕೊಂಡು ಹೋಗಿ. ಮೈಗೆ ಅಂಟಿದರೆ ಅದು ಹಿತ್ತಾಳೆಯ ನೀರು ಕೊಟ್ಟ ಕಬ್ಬಿಣ. ತಳಕ್ಕಷ್ಟೇ ಅಂಟಿದರೆ ಒಳಗೆ ಬಿಲ್ಲೆ ಇದೆ. ತಕ್ಕಡಿ ಬದಿಗಿಡಿಸಿ, ಒಟ್ಟಾರೆ ಒಂದು ಬೆಲೆ ಕುದುರಿಸಿ.

ಹೊಳಪು ತರುವುದು ಕಷ್ಟವಲ್ಲ. ಹುಣಸೆಹಣ್ಣು, ಉಪ್ಪು ಹಚ್ಚಿ ಉಜ್ಜಿ ಕೂಡಲೇ ತೊಳೆಯಬೇಕು. ರಾತ್ರಿಯಿಡೀ ನೆನೆಹಾಕಿದರೆ ಹುಳಿಯು ಸತುವನ್ನು ತಿಂದು, ಅಲ್ಲಲ್ಲಿ ತಾಮ್ರದ ಕೆಂಪು ಎದ್ದುಬರುತ್ತದೆ. ಎಷ್ಟು ಉಜ್ಜಿದರೂ ಕಪ್ಪು ಹೋಗದಿದ್ದರೆ ಮೇಲೆ ಲ್ಯಾಕರ್, ಅಂದರೆ ಪಾರದರ್ಶಕ ಲೇಪ, ಇದೆ. ಮೊದಲು ಥಿನ್ನರ್ ಹಾಕಿ ಅದನ್ನು ತೆಗೆಯಬೇಕು.

ನನ್ನನ್ನು ಗೋಳುಹೊಯ್ದುಕೊಂಡದ್ದು ವೈರು. ಲೋಹದ ಮೈ ಎಂದಮೇಲೆ ಅರ್ಥ್, ಅಂದರೆ ಸೋರಿದ ಕರೆಂಟನ್ನು ನೆಲಕ್ಕಿಳಿಸುವ ಮೂರನೆಯ ಎಳೆ, ಬೇಕೇ ಬೇಕು. ಒಳಗೆ ಎಲ್ಲೋ ಒಂದೆಡೆ ಹೊದಿಕೆ ಸವೆದು ತಾಮ್ರ ತಗುಲಿದರೆ ಇಡೀ ಸ್ಟ್ಯಾಂಡಿಗೆ 230 ವೋಲ್ಟ್ ಹರಿಯುತ್ತದೆ. ಅದರಲ್ಲಿದ್ದದ್ದು ಹತ್ತಿಯ ಹೊದಿಕೆಯ ಎರಡೆಳೆ ವೈರು, ಮುಟ್ಟಿದರೆ ಪುಡಿಯಾಗುತ್ತಿತ್ತು. ಎಸ್.ಪಿ. ರಸ್ತೆಯಿಂದ ಮೂರೆಳೆಯದು ತಂದೆ. ಸ್ಟ್ಯಾಂಡಿನ ಕತ್ತು ಎರಡು ಕಡೆ ಬಾಗಿದೆ. ನೋಡುವುದಕ್ಕೆ ಸೊಗಸು, ಆದರೆ ಮೊದಲ ತಿರುವಿನಲ್ಲಿಯೇ ವೈರು ಮುಷ್ಕರ ಹೂಡಿತು. ಸೈಕಲ್ ಬ್ರೇಕಿನ ಕೇಬಲ್ ತೂರಿಸಿ, ತುದಿಗೆ ವೈರು ಬಿಗಿದು, ಸೋಪು ಸವರಿ ಎಳೆದದ್ದೂ ಆಯಿತು. ಆಚೆ ಬಂದದ್ದು ಕೇಬಲ್ ಮಾತ್ರ. "ಮೇಲಿನ ಹೊದಿಕೆ ಸುಲಿದು ಒಳಗಿನ ಎಳೆಗಳನ್ನಷ್ಟೇ ತೂರಿಸಿ, ಹೋಗುತ್ತದೆ" ಎಂದರು ಅಂಗಡಿಯವರು. ಹೋಗುವುದೇನೋ ನಿಜ. ಕೊಳವೆಯ ಒರಟು ಅಂಚಿಗೆ ಉಜ್ಜಿ ಸವೆಯುವುದೂ ಅಷ್ಟೇ ನಿಜ.

ತೂರಿಸಿದ್ದರೂ ಪ್ರಯೋಜನವಿರಲಿಲ್ಲ. ನಮ್ಮದು ಹಳೆಯ ಬಾಡಿಗೆ ಮನೆ. ಮಂಚದ ಪಕ್ಕದ ಸಾಕೆಟ್ಟಿಗೆ ಮೂರು ತೂತುಗಳಿವೆ, ಮೇಲಿನ ದೊಡ್ಡ ತೂತಿನ ಹಿಂದೆ ವೈರೇ ಇಲ್ಲ. ಎಲೆಕ್ಟ್ರಿಷಿಯನ್ ಪ್ಲೇಟು ಬಿಚ್ಚಿ ತೋರಿಸಿ, "ಇದು ಅಲಂಕಾರಕ್ಕೆ ಸಾರ್" ಎಂದು ನಕ್ಕ. ಗೋಡೆ ಕೊರೆಸಿ ಅರ್ಥ್ ಎಳೆಸುವುದು ನನ್ನ ಜೇಬಿಗೂ ಆಗದು, ಮಾಲೀಕರಿಗೂ ಒಗ್ಗದು.

ಕೊನೆಗೆ ಉಳಿದದ್ದು 12 ವೋಲ್ಟಿನ ದಾರಿ. ಅಡಾಪ್ಟರ್ ಗೋಡೆಯ ಹತ್ತಿರವೇ ಉಳಿಯುತ್ತದೆ; ಸ್ಟ್ಯಾಂಡಿನೊಳಗೆ ಹೋಗುವುದು ತೆಳ್ಳಗಿನ ಎರಡೆಳೆ. ಶಾಕ್ ಭಯವಿಲ್ಲ. ಆದರೆ 12 ವೋಲ್ಟಿನ ಎಲ್‌ಇಡಿ ಬಲ್ಬಿಗೂ ಮಾಮೂಲಿ ಬಲ್ಬಿನ ಹಾಗೆಯೇ ಎರಡು ಪಿನ್ನುಗಳ ಕ್ಯಾಪು. ಮನೆಯವರು ಯಾರಾದರೂ ಅದನ್ನು ತೆಗೆದು ಬಚ್ಚಲಿನ ಹೋಲ್ಡರಿಗೆ ಸಿಕ್ಕಿಸಿದರೆ ಬಲ್ಬು ಸುಟ್ಟಂತೆಯೇ. ಜೊತೆಗೆ ಅಡಾಪ್ಟರಿನ ದಪ್ಪ ಮೈ ಪಕ್ಕದ ಸಾಕೆಟ್ಟನ್ನೂ ಮುಚ್ಚುವುದರಿಂದ ಮೊಬೈಲ್ ಚಾರ್ಜಿಗೆ ಜಾಗವಿಲ್ಲ.

ಮರದ್ದರಲ್ಲಿ ಈ ರಗಳೆಯೇ ಇಲ್ಲ. ನಡುವಿನ ತೂತು ನೆಟ್ಟಗಿದೆ. ಸಾಲದಿದ್ದರೆ ಬಡಗಿ ದೊಡ್ಡದು ಮಾಡಿಕೊಡುತ್ತಾನೆ. ಪ್ಲಾಸ್ಟಿಕ್ ಹೋಲ್ಡರ್ ಕೂರಿಸಿದರೆ ಕೈಗೆಟಕುವ ಲೋಹವಿಲ್ಲ, ಹೊದಿಕೆ ಗಟ್ಟಿಯಿರುವ ಎರಡೆಳೆ ವೈರು ಸಾಕು. ಗುಜರಿಯವರು ಬೀಟೆ ಎಂದೇ ವಾದಿಸಿದರು. ತಳದಲ್ಲಿ ಬೀಗದ ಕೈಯಿಂದ ಕೆರೆದೆ, ಕಂದು ಬಣ್ಣದಡಿ ಬಿಳಿಯ ಮರ ಇಣುಕಿತು. ಇಬ್ಬರೂ ಸ್ವಲ್ಪ ಹೊತ್ತು ಅದನ್ನೇ ನೋಡಿದೆವು, ಬೆಲೆ ಅರ್ಧಕ್ಕಿಳಿಯಿತು. ಕುಟ್ಟಿದಾಗ ಸಣ್ಣ ತೂತುಗಳಿಂದ ಹಿಟ್ಟು ಉದುರಿದರೆ ಮಾತ್ರ ಚೌಕಾಸಿಯೇ ಬೇಡ, ಕುಟ್ಟೆ ಹಿಡಿದಿದೆ. ಒರಟಾದ 80 ನಂಬರಿನ ಉಪ್ಪುಕಾಗದದಿಂದ ಶುರುಮಾಡಿ ನುಣುಪಾದ 220 ನಂಬರಿನವರೆಗೆ ಉಜ್ಜಿ, ಅರಗಿನ ಪಾಲಿಶ್ ಹಚ್ಚಿದೆ. ಬೆಂಗಳೂರಿನ ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈಹಾಕಬೇಡಿ. ಗಾಳಿಯ ತೇವಕ್ಕೆ ಅರಗು ಬಿಳಿಚಿಕೊಳ್ಳುತ್ತದೆ. ಮರಕ್ಕೆ ಬಿಸಿ ತಾಗದಿರಲು ಬಲ್ಬು ಎಲ್‌ಇಡಿಯದೇ ಇರಲಿ.

ಪಿಂಗಾಣಿಯದನ್ನೂ ಕೈಗೆತ್ತಿಕೊಂಡು ನೋಡಿದ್ದುಂಟು. ಬೆರಳಲ್ಲಿ ತಟ್ಟಿದಾಗ ಟಣ್ ಎನ್ನಲಿಲ್ಲ, ಎಲ್ಲೋ ಬಿರುಕಿದೆ ಎಂದು ಅಲ್ಲೇ ಇಟ್ಟು ಬಂದೆ.

ಮರದ್ದಕ್ಕೆ ಎಲ್ಲ ಸೇರಿ ಐನೂರು ರೂಪಾಯಿ ಮುಟ್ಟಲಿಲ್ಲ. ಹಿತ್ತಾಳೆ ಎರಡು ಸಾವಿರ ದಾಟಿತು. ಮಲಗಿ ಓದುತ್ತ ನಿದ್ದೆ ಬಂದಾಗ ಕಣ್ಣು ಮುಚ್ಚಿಕೊಂಡೇ ಸ್ವಿಚ್ಚಿಗೆ ತಡಕಾಡುವ ನನ್ನಂಥವನಿಗೆ ಮರವೇ ಸರಿ. ಹೊಸ ಮನೆಯವರು, ಅರ್ಥ್ ಸರಿಯಿರುವವರು, ನೇರ ಕತ್ತಿನ ಹಿತ್ತಾಳೆ ಸಿಕ್ಕರೆ ಧಾರಾಳವಾಗಿ ಕೊಳ್ಳಿ. ನನ್ನ ಹಿತ್ತಾಳೆಯದು ನಡುಮನೆಯ ಮೂಲೆಯಲ್ಲಿದೆ. ಬಂದವರೆಲ್ಲ ಹೊಗಳುವುದು ಅದನ್ನೇ. ಕೊಂಡ ಬೆಲೆಗೆ ಕೊಡುತ್ತೇನೆಂದರೆ ಮಾತ್ರ ಕಾಫಿಯ ಕಡೆಗೆ ಮಾತು ತಿರುಗಿಸುತ್ತಾರೆ.