ಶಾಫ್ಟ್ ಅಳೆಯದೆ ಕೊಂಡ ಹೆಚ್ಚುವರಿ ಔಟ್‌ಬೋರ್ಡ್

ಮುಖ್ಯ ಎಂಜಿನ್ ಕೈಕೊಟ್ಟಾಗ ಇರಲಿ ಎಂದು ಚಿಕ್ಕ ಔಟ್‌ಬೋರ್ಡ್ (ದೋಣಿಯ ಹಿಂಭಾಗದ ಹೊರಗೆ ಕೂರಿಸುವ ಎಂಜಿನ್) ಕೊಳ್ಳುವವರು ಮೊದಲು ಕೇಳುವುದು ಎಷ್ಟು ಎಚ್‌ಪಿ ಎಂದು. 6 ಮೀಟರ್ ಉದ್ದದ ಫೈಬರ್ ದೋಣಿಯೊಂದಕ್ಕೂ ಅಷ್ಟನ್ನೇ ಕೇಳಿ 6 ಎಚ್‌ಪಿ ಎಂಜಿನ್ ತಂದರು. ಅಂಗಡಿಯಲ್ಲಿ ಆಗ ಇದ್ದದ್ದು ಶಾರ್ಟ್ ಶಾಫ್ಟ್, ಅಂದರೆ ನೀರಿಗಿಳಿಯುವ ಕಾಲು ಗಿಡ್ಡದಾದದ್ದು. ನಡೆಯುತ್ತದೆ ಎಂದು ಮಾರಿದವರು ಹೇಳಿದರು, ಸಪಾಟು ನೀರಿನಲ್ಲಿ ನಡೆಯಿತು ಕೂಡ. ಅಳಿವೆಯ ಬಾಯಲ್ಲಿ ಮುಖ್ಯ ಎಂಜಿನ್ ನಿಂತ ದಿನ ಅದು ಕೆಲಸಕ್ಕೆ ಬರಲಿಲ್ಲ. ಪ್ರತಿ ಅಲೆಗೂ ದೋಣಿಯ ಹಿಂಭಾಗ ಎದ್ದು ಪ್ರೊಪೆಲ್ಲರ್ ಗಾಳಿ ಎಳೆದುಕೊಳ್ಳುತ್ತಿತ್ತು. ಎಂಜಿನ್ ಅರಚಿತೇ ಹೊರತು ದೋಣಿ ಮುಂದೆ ಹೋಗಲಿಲ್ಲ. ತಂಪಿಗೆ ನೀರು ಎಳೆಯುವ ರಂಧ್ರವೂ ಮತ್ತೆ ಮತ್ತೆ ನೀರಿನಿಂದ ಮೇಲೆ ಬಂದು ಎಂಜಿನ್ ಬಿಸಿಯೇರಿ ನಿಂತುಹೋಯಿತು. ಲಂಗರು ಕಚ್ಚಿದ್ದರಿಂದ ದೋಣಿ ಬಂಡೆಗೆ ಬಡಿಯಲಿಲ್ಲ.

ತಪ್ಪಿದ್ದು ಕೆಲವೇ ಸೆಂಟಿಮೀಟರ್. ಶಾರ್ಟ್ ಶಾಫ್ಟ್ ಸುಮಾರು 38 ಸೆಂ.ಮೀ., ಲಾಂಗ್ 51, ಎಕ್ಸ್‌ಟ್ರಾ ಲಾಂಗ್ 64. ಎಂಜಿನ್ ಹಲಗೆಯ ಮೇಲೆ ಕೂರುವ ಜಾಗದಿಂದ ಪ್ರೊಪೆಲ್ಲರ್ ಮೇಲಿನ ಅಡ್ಡ ತಟ್ಟೆಯವರೆಗೆ ಈ ಅಳತೆ. ತಯಾರಕರ ನಡುವೆ ಒಂದೆರಡು ಸೆಂ.ಮೀ. ವ್ಯತ್ಯಾಸ ಇರುತ್ತದೆ, ಹಾಗಾಗಿ ಟೇಪು ಹಿಡಿದು ನೀವೇ ಅಳೆಯಿರಿ. ದೋಣಿಯ ಕಡೆ ಅಳೆಯುವುದು ಹೀಗೆ: ಹೆಚ್ಚುವರಿ ಎಂಜಿನ್ ಕೂರಿಸಿ ಏರಿಸಿ ಇಳಿಸುವ ಚೌಕಟ್ಟನ್ನು, ಅಂದರೆ ಬ್ರಾಕೆಟ್ಟನ್ನು, ಪೂರ್ತಿ ಇಳಿಸಿ. ಎಂಜಿನ್ ಕೂರುವ ನೇರದಲ್ಲಿ ದೋಣಿಯ ತಳಕ್ಕೆ ಒಂದು ನೇರ ಪಟ್ಟಿ ಒತ್ತಿ ಹಿಡಿದು ಹಿಂದಕ್ಕೆ ಚಾಚಿ. ಬ್ರಾಕೆಟ್ ಹಲಗೆಯ ಮೇಲಂಚಿನಿಂದ ಪಟ್ಟಿಯವರೆಗಿನ ದೂರಕ್ಕೆ ಕನಿಷ್ಠ 5 ಸೆಂ.ಮೀ. ಸೇರಿಸಿ, ಶಾಫ್ಟ್ ಅಷ್ಟಾದರೂ ಉದ್ದ ಇರಬೇಕು. ಆ ದೋಣಿಯಲ್ಲಿ ದೂರವೇ 46 ಇತ್ತು. ಶಾರ್ಟ್ ಶಾಫ್ಟ್‌ನ ತಟ್ಟೆ ತಳಕ್ಕಿಂತ 8 ಸೆಂ.ಮೀ. ಮೇಲೆ ಉಳಿಯಿತು. ಲಾಂಗ್ ಆಗಿದ್ದರೆ 5 ಸೆಂ.ಮೀ. ಕೆಳಗೆ ಇಳಿಯುತ್ತಿತ್ತು. ಅಲೆ ಇರುವ ನೀರಿಗೆ ಅದೂ ಕನಿಷ್ಠವೇ. ಹೆಚ್ಚುವರಿ ಎಂಜಿನ್ ಮಧ್ಯದಲ್ಲಲ್ಲ, ಬದಿಯಲ್ಲಿ ಕೂರುತ್ತದೆ. ದೋಣಿ ಆಚೆಗೆ ವಾಲಿದಾಗಲೆಲ್ಲ ಮೇಲೇಳುತ್ತದೆ. ಉದ್ದದ ಶಾಫ್ಟ್ ತಂದರೆ ಇನ್ನೊಂದನ್ನು ನೋಡಬೇಕು: ಎತ್ತಿ ಕಟ್ಟಿದಾಗ ನೀರಿನಿಂದ ಪೂರ್ತಿ ಹೊರಗೆ ಬರುತ್ತದೆಯೇ, ಮುಖ್ಯ ಎಂಜಿನ್ ಪೂರ್ತಿ ತಿರುಗಿದಾಗ ಅದಕ್ಕೆ ತಾಗುತ್ತದೆಯೇ.

ಎಚ್‌ಪಿಯ ಲೆಕ್ಕ ಸುಲಭ. ಜನ, ಇಂಧನ, ಸಾಮಾನು ಸೇರಿದ ತೂಕದ ಪ್ರತಿ ಟನ್ನಿಗೆ ಸುಮಾರು 4 ಎಚ್‌ಪಿ. ನೀರಿನಲ್ಲಿ 5.5 ಮೀಟರ್ ಉದ್ದ ಮುಳುಗಿದ ದೋಣಿ ನೀರನ್ನು ಸೀಳಿಕೊಂಡು ಸಾಗುವಾಗ ಗಂಟೆಗೆ ಹತ್ತು ಕಿಲೋಮೀಟರಿನ ಆಸುಪಾಸಿನಲ್ಲೇ ನಿಲ್ಲುತ್ತದೆ. ಇನ್ನೆರಡು ಎಚ್‌ಪಿ ಹಾಕಿದರೆ ದೋಣಿ ಎಬ್ಬಿಸುವ ಅಲೆ ದೊಡ್ಡದಾಗುತ್ತದೆ, ವೇಗ ಅಷ್ಟಾಗಿ ಏರುವುದಿಲ್ಲ. ಆ ಹಣವನ್ನು ಪ್ರೊಪೆಲ್ಲರ್‌ಗೆ ಹಾಕಿ. ಚಿಕ್ಕ ಎಂಜಿನ್ ಜೊತೆ ಬರುವುದು ಸಾಮಾನ್ಯವಾಗಿ ಹಗುರ ದೋಣಿಗೆ ಹೊಂದುವ ಹೆಚ್ಚು ಪಿಚ್‌ನದು (ಪಿಚ್ ಎಂದರೆ ಒಂದು ಸುತ್ತಿಗೆ ಪ್ರೊಪೆಲ್ಲರ್ ಮುಂದೆ ಸಾಗಬೇಕಾದ ದೂರ). ಭಾರದ ದೋಣಿಗೆ ಅಗಲದ, ಕಡಿಮೆ ಪಿಚ್‌ನದೇ ಬೇಕು. ಕೆಲವು 2–3 ಎಚ್‌ಪಿ ಎಂಜಿನ್‌ಗಳಿಗೆ ರಿವರ್ಸ್ ಗೇರೇ ಇಲ್ಲ, ಕೊಳ್ಳುವಾಗಲೇ ಕೇಳಿ.

ತೂಕ ಮರೆಯಬೇಡಿ. 6 ಎಚ್‌ಪಿ ಫೋರ್ ಸ್ಟ್ರೋಕ್ 25 ಕಿಲೋ ದಾಟುತ್ತದೆ, 9.9 ಎಚ್‌ಪಿಯದು 40ರ ಸುತ್ತಮುತ್ತ. ಬ್ರಾಕೆಟ್ ಮೇಲೆ ಕೆತ್ತಿರುವ ಮಿತಿಯಲ್ಲಿ ಎಚ್‌ಪಿ, ತೂಕ ಎರಡನ್ನೂ ನೋಡಬೇಕು. ಬೋಲ್ಟುಗಳು ಹಲಗೆಯ ಆಚೆಗೆ ಹಾಯ್ದು, ಒಳಗಡೆ ಲೋಹದ ಪಟ್ಟಿಯ ಮೇಲೆ ಬಿಗಿಯಾಗಬೇಕು. ಎಂಜಿನ್ನಿನ ಕೈತಿರುಪುಗಳು ಅದುರಾಟಕ್ಕೆ ಸಡಿಲವಾಗುತ್ತವೆ, ಆದ್ದರಿಂದ ಎಂಜಿನ್‌ನಿಂದ ದೋಣಿಗೆ ಒಂದು ಗಟ್ಟಿ ಹಗ್ಗ ಕಟ್ಟಲೇಬೇಕು.

ಇಂಧನದ ವಿಷಯದಲ್ಲಿ ಆಗುವ ತಪ್ಪು ಶಾಫ್ಟ್‌ನದಕ್ಕಿಂತ ಕಡಿಮೆಯೇನಲ್ಲ. ಎರಡೂ ಎಂಜಿನ್ನಿಗೆ ಒಂದೇ ಟ್ಯಾಂಕ್ ಇಟ್ಟರೆ, ಮುಖ್ಯ ಎಂಜಿನ್ನನ್ನು ನಿಲ್ಲಿಸಿದ ನೀರು ಸೇರಿದ ಪೆಟ್ರೋಲೇ ಎರಡನೆಯದಕ್ಕೂ ಹೋಗುತ್ತದೆ. ಹೆಚ್ಚುವರಿ ಎಂಜಿನ್ನಿಗೆ ಬೇರೆ ಟ್ಯಾಂಕ್, ಬೇರೆ ಪೈಪು, ಬೇರೆ ಫಿಲ್ಟರ್ ಇರಲಿ. ಎಂಜಿನ್ನಿನ ಮೈಮೇಲೇ ಇರುವ ಒಂದು-ಒಂದೂವರೆ ಲೀಟರಿನ ಟ್ಯಾಂಕ್ ಪೂರ್ತಿ ಥ್ರಾಟಲ್‌ನಲ್ಲಿ ಒಂದು ಗಂಟೆಯೂ ಬಾರದು. ಒಂದು ಎಂಜಿನ್ ಎಣ್ಣೆ ಬೆರೆಸುವ ಟೂ ಸ್ಟ್ರೋಕ್ ಆಗಿದ್ದರೆ ಕ್ಯಾನುಗಳ ಮೇಲೆ ದೊಡ್ಡದಾಗಿ ಬರೆಯಿರಿ. 50:1 ಎಂದರೆ ಲೀಟರಿಗೆ 20 ಮಿ.ಲೀ. ಎಣ್ಣೆ.

ಕಾರ್ಬುರೇಟರ್ ಇರುವ ಎಂಜಿನ್ ವಾರಗಟ್ಟಲೆ ಸುಮ್ಮನೆ ನಿಂತರೆ ಒಳಗಿನ ಪೆಟ್ರೋಲ್ ಆವಿಯಾಗಿ ಅಂಟು ಉಳಿದು ಪೆಟ್ರೋಲ್ ಹಾಯುವ ಸಣ್ಣ ರಂಧ್ರ, ಅಂದರೆ ಜೆಟ್, ಮುಚ್ಚಿಕೊಳ್ಳುತ್ತದೆ. ಬೇಕಾದ ಹೊತ್ತಿಗೆ ಹಗ್ಗ ಎಳೆದು ತೋಳು ಸೋಲುವುದು ಇದರಿಂದಲೇ. ದಡ ಸೇರುವಾಗ ಇಂಧನದ ಪೈಪು ಕಳಚಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ, ಆಮೇಲೆ ಕಾರ್ಬುರೇಟರ್ ತಳದ ತಿರುಪು ಬಿಚ್ಚಿ ಉಳಿದದ್ದನ್ನು ಒಂದು ಡಬ್ಬಿಗೆ ಬಸಿಯಿರಿ. ಫೋರ್ ಸ್ಟ್ರೋಕ್ ಎಂಜಿನ್ನನ್ನು ಮಲಗಿಸುವಾಗ ಕೈಪಿಡಿ ಹೇಳುವ ಮಗ್ಗುಲಿಗೇ ಮಲಗಿಸಿ, ಇಲ್ಲವಾದರೆ ಎಣ್ಣೆ ಸಿಲಿಂಡರಿಗೆ ಇಳಿಯುತ್ತದೆ.

ಕೊಂಡ ಮೇಲೆ ಸಪಾಟು ನೀರಿನ ಪರೀಕ್ಷೆಯನ್ನು ನಂಬಬೇಡಿ. ಗಾಳಿ ಇರುವ, ಆದರೆ ಅಪಾಯವಿಲ್ಲದ ಜಾಗದಲ್ಲಿ, ಜೊತೆಗೆ ಇನ್ನೊಂದು ದೋಣಿ ಇಟ್ಟುಕೊಂಡು ಮುಖ್ಯ ಎಂಜಿನ್ ಆರಿಸಿ. ಅದರ ಕಾಲು ನೀರಿನಲ್ಲೇ ಇರಲಿ, ಚುಕ್ಕಾಣಿಯ ಕೆಲಸ ಮಾಡುತ್ತದೆ. ಚಿಕ್ಕ ಎಂಜಿನ್ನನ್ನು ತಣ್ಣಗಿರುವಾಗಲೇ ಎಳೆದು ಹೊತ್ತಿಸಿ, ಗಾಳಿಗೆ ಎದುರಾಗಿ ಹತ್ತು ನಿಮಿಷ ಪೂರ್ತಿ ಥ್ರಾಟಲ್ ಕೊಡಿ. ಆ ಹೊತ್ತಿನಲ್ಲಿ, ಲಂಗರು ಬಿಡಲು ಹೋಗುವವರ ಹಾಗೆ ಒಬ್ಬರನ್ನು ದೋಣಿಯ ಮುಂತುದಿಗೆ ಕಳಿಸಿ; ಲಂಗರು ಬಿಡುವುದು ಬೇಡ, ಆ ಭಾರಕ್ಕೆ ಹಿಂಭಾಗ ಏಳುವುದನ್ನು ನೋಡಲು ಅಷ್ಟೆ. ಆಗ ಪ್ರೊಪೆಲ್ಲರ್ ಗಾಳಿ ಎಳೆದರೆ, ಅಥವಾ ತಂಪಿನ ನೀರಿನ ಚಿಲುಮೆ ಕಡಿದು ಕಡಿದು ಬಂದರೆ, ಆ ಎಂಜಿನ್ನನ್ನು ಬದಲಿಸಿಕೊಡಿ ಎಂದು ಅಂಗಡಿಗೆ ಹಿಂತಿರುಗಿಸಿ.