ಹಂದಿಮರಿಗಳಿಗೆ ಲೈಸೋಲೆಸಿಥಿನ್ ಪುಡಿ: ಎರಡು ವರ್ಷ ಬಳಸಿದ ಮೇಲೆ

ಸೋಮವಾರಪೇಟೆ ಕಡೆ ನಮ್ಮದು ಹನ್ನೆರಡು ತಾಯಿ ಹಂದಿಗಳ ಸಣ್ಣ ಫಾರ್ಮ್. ಎಲ್ಲವೂ ಲಾರ್ಜ್ ವೈಟ್ ಯಾರ್ಕ್‌ಶೈರ್ ತಳಿ. ಆಹಾರಕ್ಕೆ ಲೈಸೋಲೆಸಿಥಿನ್ ಎಮಲ್ಸಿಫೈಯರ್, ಅಂದರೆ ಕೊಬ್ಬು ನೀರಿನೊಂದಿಗೆ ಬೆರೆಯುವಂತೆ ಮಾಡುವ ಪುಡಿ, ಬೆರೆಸಲು ಶುರುಮಾಡಿ ಎರಡು ವರ್ಷವಾಯಿತು. ಅದರಲ್ಲಿ ಮೊದಲ ಆರು ತಿಂಗಳು ಹಾಕಿದ ದುಡ್ಡೆಲ್ಲ ದಂಡ. ತಪ್ಪು ನನ್ನದೇ. ಪುಡಿ ಕೊಂಡ ಪರಿಚಯದವರು ಕೆಲವರು ಈಗಲೂ ಅದೇ ತಪ್ಪು ಮಾಡುತ್ತಿರುವುದರಿಂದ ಅದನ್ನೇ ಮೊದಲು ಹೇಳುತ್ತೇನೆ.

ಆಗ ನಾವು ಹಾಕುತ್ತಿದ್ದದ್ದು ಮೆಕ್ಕೆಜೋಳ, ಸೋಯಾ ಹಿಂಡಿ, ಒಂದಿಷ್ಟು ಮೀನಿನ ಪುಡಿ, ಎಣ್ಣೆ ತೆಗೆದ ತೌಡು, ಖನಿಜ ಮಿಶ್ರಣ. ಅದಕ್ಕೇ ಈ ಪುಡಿಯನ್ನೂ ಸೇರಿಸಿ ದೊಡ್ಡದು, ಚಿಕ್ಕದು ಎನ್ನದೆ ಎಲ್ಲ ಹಂದಿಗಳಿಗೂ ಕೊಟ್ಟೆ. ತೂಕದಲ್ಲಿ ಒಂದಿಷ್ಟೂ ಬದಲಾವಣೆ ಕಾಣಲಿಲ್ಲ. ಲಸಿಕೆಗೆ ಬಂದ ಪಶುವೈದ್ಯರ ಹತ್ತಿರ ಹೇಳಿಕೊಂಡೆ.

‘ಎಣ್ಣೆ ಎಷ್ಟು ಹಾಕ್ತಿದ್ದೀರಿ?’

‘ಎಣ್ಣೆ ಹಾಕ್ತಿಲ್ಲ ಸರ್.’

‘ಮತ್ತೆ ಈ ಪುಡಿ ಯಾಕೆ?’

ಪುಡಿಯ ಕೆಲಸವೆಲ್ಲ ಕೊಬ್ಬಿನ ಮೇಲೆ. ಪಾತ್ರೆಯ ಜಿಡ್ಡನ್ನು ಅಂಟುವಾಳದ ನೊರೆ ಹೇಗೆ ಬಿಡಿಸುತ್ತದೋ ಹಾಗೆ ಕರುಳಿನೊಳಗೆ ಪಿತ್ತರಸ ಕೊಬ್ಬನ್ನು ಸಣ್ಣ ಹನಿಗಳಾಗಿ ಒಡೆಯುತ್ತದೆ. ತಾಯಿ ಹಾಲು ಕುಡಿಯುವಷ್ಟು ದಿನ ಮರಿಗೆ ಕಷ್ಟವಿಲ್ಲ, ಹಾಲಿನ ಕೊಬ್ಬು ಮೊದಲೇ ಸಣ್ಣ ಹನಿಗಳಾಗಿ ಹರಡಿರುತ್ತದೆ. ಹಾಲು ಬಿಡಿಸಿದೊಡನೆ ಒಣ ಹಿಟ್ಟು ಎದುರಿಗೆ ಬರುತ್ತದೆ. ಪಿತ್ತರಸ ಇನ್ನೂ ಸಾಲದು, ಕೊಬ್ಬನ್ನು ಜೀರ್ಣಿಸುವ ಲೈಪೇಸ್ ಕಿಣ್ವವೂ ಆ ಹೊತ್ತಿಗೆ ತಗ್ಗಿರುತ್ತದೆ. ಹೀಗಾಗಿ ಮೊದಲ ಎರಡು ವಾರ ಎಣ್ಣೆಯ ಒಂದು ಪಾಲು ಜೀರ್ಣವಾಗದೆ ಸಗಣಿಯಲ್ಲಿ ಹೋಗುತ್ತದೆ. ಆ ಎರಡು ವಾರ ಈ ಪುಡಿ ಪಿತ್ತರಸಕ್ಕೆ ಜೊತೆಯಾಗುತ್ತದೆ. ಸೋಯಾದಿಂದ ಸಿಗುವ ಲೆಸಿಥಿನ್ ಎಂಬ ಕೊಬ್ಬಿನಂಥ ವಸ್ತುವಿನಲ್ಲಿರುವ ಎರಡು ಕೊಬ್ಬಿನಾಮ್ಲಗಳಲ್ಲಿ ಒಂದನ್ನು ಕಿಣ್ವದಿಂದ ಕತ್ತರಿಸಿ ಇದನ್ನು ಮಾಡುತ್ತಾರೆ, ಅದರಿಂದ ಬರೀ ಲೆಸಿಥಿನ್‌ಗಿಂತ ನೀರಿನೊಂದಿಗೆ ಚೆನ್ನಾಗಿ ಹೊಂದುತ್ತದೆ. ಬೆಳೆದ ಹಂದಿಯ ಪಿತ್ತರಸಕ್ಕೆ ಇಷ್ಟು ಸಹಾಯ ಬೇಕಾಗಿಲ್ಲ.

ಆಮೇಲೆ ಮರಿಗಳ ಆಹಾರಕ್ಕೆ ಮಾತ್ರ ಶೇ. 3 ಸೋಯಾ ಎಣ್ಣೆ, ಟನ್ನಿಗೆ 500 ಗ್ರಾಂ ಲೆಕ್ಕದಲ್ಲಿ ಪುಡಿ ಹಾಕಿದೆ. ನಾವು ಹಾಲು ಬಿಡಿಸುವುದು 35 ದಿನಕ್ಕೆ. ನಾಲ್ಕು ಸೂಲಿನ ಮರಿಗಳನ್ನು ಅರ್ಧರ್ಧ ಬೇರೆ ಮಾಡಿ, ಎರಡೂ ಕಡೆ ಎಣ್ಣೆ, ಒಂದು ಕಡೆ ಮಾತ್ರ ಪುಡಿ ಕೊಟ್ಟೆ. ಮೂರು ವಾರದ ನಂತರ ತೂಗಿದಾಗ ಮೂರು ಸೂಲುಗಳಲ್ಲಿ ಪುಡಿ ತಿಂದ ಮರಿಗಳು ಸರಾಸರಿ 300ರಿಂದ 400 ಗ್ರಾಂ ಮುಂದಿದ್ದವು, ನಾಲ್ಕನೆಯದರಲ್ಲಿ ಎರಡೂ ಸಮ. ಮಳೆಗಾಲದ ಸೂಲಿನಲ್ಲಿ ವ್ಯತ್ಯಾಸ ಹೆಚ್ಚು ಕಂಡಿತು. ನಮ್ಮ ಕಡೆ ಜುಲೈ ಚಳಿಗೆ ಮೈ ಬಿಸಿ ಇಟ್ಟುಕೊಳ್ಳುವುದರಲ್ಲೇ ಮರಿಯ ಶಕ್ತಿ ಮುಗಿಯುತ್ತದೆ, ಹೊಟ್ಟೆ ಚಿಕ್ಕದು, ಹೆಚ್ಚು ತಿನ್ನಲಾರದು. ಒಂದು ಗ್ರಾಂ ಕೊಬ್ಬಿನಲ್ಲಿ ಪಿಷ್ಟದ ಎರಡು ಪಟ್ಟಿಗಿಂತ ಹೆಚ್ಚು ಶಕ್ತಿಯಿದೆ, ಅದು ಮೈಗೆ ಹತ್ತಿದರೆ ಲಾಭವೇ. ಮಾರುವ ಹೊತ್ತಿಗೆ ಮಾತ್ರ ಈ ಅಂತರವನ್ನು ನನಗೆ ಗುರುತಿಸಲಾಗಲಿಲ್ಲ.

ಭೇದಿಗೆ ಇದು ಮದ್ದು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಇ. ಕೋಲಿ ಬ್ಯಾಕ್ಟೀರಿಯಾದಿಂದ ಬಂದ ಭೇದಿ ನಮ್ಮಲ್ಲಿ ಪುಡಿ ತಿಂದ, ತಿನ್ನದ ಎರಡೂ ಗುಂಪುಗಳಿಗೆ ಸಮನಾಗಿ ಬಂತು, ಚಿಕಿತ್ಸೆಯಿಂದಲೇ ನಿಂತಿತು. ಹಾಗೆಯೇ ಕಮಟು ಹಿಡಿದ ಎಣ್ಣೆಗೂ ಹಳೆ ತೌಡಿಗೂ ಇದು ಮದ್ದಲ್ಲ. ಎಣ್ಣೆ ತೆಗೆಯದ ಅಕ್ಕಿ ತೌಡು ಮಿಲ್ಲಿನಿಂದ ಬಂದ ಕೆಲವೇ ದಿನಕ್ಕೆ ಕೆಡಲು ಶುರುವಾಗುತ್ತದೆ, ಯಾವ ಪುಡಿಯೂ ಅದನ್ನು ಸರಿಮಾಡದು.

ಖರ್ಚು ನಿಜವಾಗಿ ಇರುವುದು ಎಣ್ಣೆಯಲ್ಲಿ. ಪುಡಿಗೆ ಕೆಜಿ ಆಹಾರಕ್ಕೆ ಇಪ್ಪತ್ತು ಪೈಸೆ ಆಸುಪಾಸು ಬಿದ್ದರೆ, ಎಣ್ಣೆಗೆ ನಾಲ್ಕು ರೂಪಾಯಿ ಹತ್ತಿರ ಹೋಗುತ್ತದೆ. ಬೆರೆಸುವಾಗ ಮೊದಲು ಎರಡು ಕೆಜಿ ಮೆಕ್ಕೆಜೋಳದ ಹಿಟ್ಟಿನಲ್ಲಿ ಪುಡಿಯನ್ನು ಚೆನ್ನಾಗಿ ಕಲೆಸಿ, ಆಮೇಲೆ ರಾಶಿಗೆ ಹಾಕಬೇಕು. ನೇರ ಸುರಿದರೆ ಒಂದು ಮೇವಿನ ದೋಣಿಗೆ ಎಲ್ಲ, ಇನ್ನೊಂದಕ್ಕೆ ಏನೂ ಇಲ್ಲ.

ಐದಕ್ಕೆ ಮೂರೂವರೆ ಕೊಡುತ್ತೇನೆ. ಅಂಕ ಕಡಿಮೆ ಮಾಡಿದ್ದು ಚೀಲದ ಕಾರಣಕ್ಕೆ. ಅಂಗಡಿಯಲ್ಲಿ ಇದ್ದದ್ದು 25 ಕೆಜಿಯ ಚೀಲ, ಮರಿಗಳಿಗೆ ಮಾತ್ರ ಕೊಟ್ಟರೆ ನಮಗೆ ವರ್ಷಕ್ಕೆ ಎರಡು ಕೆಜಿಯೂ ಬೇಡ. ಅಂಗಡಿಯವರು ಚೀಲ ಬಿಚ್ಚಿ ಬಿಡಿಯಾಗಿ ಕೊಟ್ಟದ್ದರ ಮೇಲೆ ತಯಾರಿಸಿದ ದಿನವಿಲ್ಲ, ಲೈಸೋಲೆಸಿಥಿನ್ ಎಷ್ಟು, ತೂಕಕ್ಕೆಂದು ಬೆರೆಸಿದ ಬೇರೆ ಪುಡಿ ಎಷ್ಟು ಎಂಬ ವಿವರವೂ ಇಲ್ಲ. ನಮ್ಮ ಮಳೆಗೆ ಅದು ತಿಂಗಳಲ್ಲೇ ಗಂಟು ಕಟ್ಟಿತು. ಈಗ ಅಕ್ಕಪಕ್ಕದ ಐದು ಫಾರ್ಮಿನವರು ಸೇರಿ ಒಂದು ಚೀಲ ತರಿಸುತ್ತೇವೆ, ಬಂದ ದಿನವೇ ಪಾಲು ಮಾಡಿ, ಮುಚ್ಚಳದ ಡಬ್ಬಿಗೆ ಹಾಕಿ, ಚೀಲದ ಮೇಲಿನ ತಾರೀಕನ್ನು ಡಬ್ಬಿಯ ಮೇಲೆ ಬರೆದಿಡುತ್ತೇವೆ.