ಹಿರಿಯರ ವಸತಿ ಸಮುಚ್ಚಯಕ್ಕೆ ನಿರ್ವಹಣಾ ಗುತ್ತಿಗೆದಾರ: ಕಾರವಾರದಲ್ಲಿ ಒಂದು ಮಳೆಗಾಲದ ಅನುಭವ

ಕಾರವಾರದ ಹೊರವಲಯದಲ್ಲಿ ನಿವೃತ್ತರೇ ವಾಸವಾಗಿರುವ ನಮ್ಮ ವಸತಿ ಸಮುಚ್ಚಯದ ನಿರ್ವಹಣೆಯನ್ನು ಕಳೆದ ಬೇಸಿಗೆಯಲ್ಲಿ ಸ್ಥಳೀಯ ಗುತ್ತಿಗೆದಾರರೊಬ್ಬರಿಗೆ ವಹಿಸಿದೆವು. ಅವರ ಕೆಲಸವನ್ನು ಒಂದು ಪೂರ್ತಿ ಮಳೆಗಾಲ ಹತ್ತಿರದಿಂದ ನೋಡಿದ ಸಮಿತಿ ಸದಸ್ಯನಾಗಿ ಈ ವಿಮರ್ಶೆ ಬರೆಯುತ್ತಿದ್ದೇನೆ. ಒಟ್ಟಾರೆ ಕೆಲಸ ತೃಪ್ತಿಕರವಾಗಿದೆ, ತಕರಾರುಗಳೂ ಇವೆ. ಕರಾವಳಿಯಲ್ಲಿ ವಯಸ್ಸಾದವರ ಮನೆಗಳನ್ನು ನೋಡಿಕೊಳ್ಳುವವರನ್ನು ತಿಂಗಳ ದರ ನೋಡಿ ಆರಿಸಬಾರದು, ಮಳೆ ಹಿಡಿಯುವ ಮೊದಲು ಅವರು ಏನೇನು ಮಾಡುತ್ತಾರೆ ಎಂಬುದನ್ನು ನೋಡಿ ಆರಿಸಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಬಂದ ದರಪಟ್ಟಿಗಳಲ್ಲಿ ಅತಿ ಕಡಿಮೆ ಮೊತ್ತದ್ದರಲ್ಲಿ ‘ಸಮಗ್ರ ನಿರ್ವಹಣೆ’ ಎಂಬ ಒಂದೇ ಸಾಲಿತ್ತು. ಯಾವುದು ಸೇರಿದೆ, ಯಾವುದು ಸೇರಿಲ್ಲ ಎಂದು ಬರೆಯದ ಕರಾರಿನಲ್ಲಿ ಪಂಪ್ ಕೆಟ್ಟ ದಿನವೇ ವಾದ ಶುರುವಾಗುತ್ತದೆ. ನಾವು ಆರಿಸಿದವರು ದರ ಹೇಳುವ ಮೊದಲು ಮನೆಗಳನ್ನು ನೋಡಬೇಕೆಂದು ಕೇಳಿಕೊಂಡರು. ಬಚ್ಚಲುಮನೆಯ ಮೂಲೆಯಲ್ಲಿ ಒಂದು ಚೊಂಬು ನೀರು ಸುರಿದು, ಅದು ಜಾಲರಿಯತ್ತ ಹರಿಯುತ್ತದೆಯೋ ಬಾಗಿಲ ಬಳಿ ನಿಲ್ಲುತ್ತದೆಯೋ ಎಂದು ಕುಕ್ಕರುಗಾಲಲ್ಲಿ ಕುಳಿತು ನೋಡಿದರು. ಗೋಡೆಯ ಹಿಡಿಕಂಬಿಗಳನ್ನು ಎರಡೂ ಕೈಯಲ್ಲಿ ಹಿಡಿದು ಮೈಭಾರ ಹಾಕಿ ಎಳೆದರು. ಒಂದು ಮನೆಯಲ್ಲಿ ಕಂಬಿ ಹೊಳೆಯುತ್ತಲೇ ಇತ್ತು, ಆದರೆ ಅದನ್ನು ಹಿಡಿದಿದ್ದ ಸ್ಕ್ರೂವಿನ ತಲೆ ತುಕ್ಕು ತಿಂದು ಪುಡಿಪುಡಿಯಾಗಿ ಉದುರಿತು. ಆ ಕಂಬಿಯನ್ನು ನಂಬಿ ಮೇಲೇಳುತ್ತಿದ್ದವರು ಎಂಬತ್ತು ದಾಟಿದ ಅಜ್ಜಿ. ಸಮುದ್ರದ ಉಪ್ಪುಗಾಳಿಗೆ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಕೂಡ ಕಲೆಗಟ್ಟುತ್ತದೆ, ಮಾಲಿಬ್ಡಿನಮ್ ಬೆರೆತ 316 ದರ್ಜೆಯದನ್ನೇ ಹಾಕಬೇಕು ಎಂದು ಅವರು ಹೇಳಿದ್ದು ಸರಿಯಾದ ಮಾತು. ಬೆಲೆ ಹೆಚ್ಚೆಂದು ಸಮಿತಿಯಲ್ಲಿ ಅಸಮಾಧಾನವಿದ್ದರೂ ಹಾಗೆಯೇ ಮಾಡಿಸಿದೆವು.

ಅವರ ಪ್ರಾಮಾಣಿಕತೆಯ ಬಗ್ಗೆ ನನಗೆ ನಂಬಿಕೆ ಬಂದದ್ದು ಇನ್ನೊಂದು ಕಾರಣಕ್ಕೆ. ಹಿಂಭಾಗದ ಕಟ್ಟಡದ ತೊಲೆಯೊಂದರಲ್ಲಿ ಬಿರುಕು ಕಂಡಾಗ, ಅದನ್ನು ತಮ್ಮ ಬಿಲ್ಲಿಗೆ ಸೇರಿಸದೆ, ನಿರ್ಮಾಣದ ದೋಷವಾದರೆ ಬಿಲ್ಡರ್‌ಗೇ ಪತ್ರ ಬರೆಯಿರಿ ಎಂದರು. 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯ ಪ್ರಕಾರ, ಸ್ವಾಧೀನ ಕೊಟ್ಟ ದಿನದಿಂದ 5 ವರ್ಷಗಳೊಳಗೆ ಗಮನಕ್ಕೆ ತಂದ ರಚನಾ ದೋಷವನ್ನು ಬಿಲ್ಡರ್ 30 ದಿನಗಳಲ್ಲಿ ಸ್ವಂತ ಖರ್ಚಿನಿಂದ ಸರಿಪಡಿಸಿಕೊಡಬೇಕು, ಮತ್ತು ನಮ್ಮ ಸಮುಚ್ಚಯಕ್ಕೆ ಆ ಅವಧಿ ಇನ್ನೂ ಮುಗಿದಿರಲಿಲ್ಲ.

ವರ್ಷಕ್ಕೆ 3,000 ಮಿಲಿಮೀಟರ್ ಆಸುಪಾಸು ಮಳೆ ಸುರಿಯುವ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೇ ಬೀಳುವ ಊರಿನಲ್ಲಿ ನಿರ್ವಹಣೆಯ ನಿಜವಾದ ಪರೀಕ್ಷೆ ನಡೆಯುವುದು ಮೇ ತಿಂಗಳಲ್ಲಿ. ಮಿರ್ಗದ (ಮೃಗಶಿರಾ) ಮಳೆಗೆ ಮೊದಲೇ ಅವರ ಕೆಲಸಗಾರರು ಒಡೆದ ಹೆಂಚು ಬದಲಿಸಿ, ತಾರಸಿಯ ನೀರಿನ ಕೊಳವೆಗಳಿಂದ ತೆಂಗಿನ ಸೋಗೆಯ ಚೂರು ಮತ್ತು ಎಲೆಗಳನ್ನು ತೆಗೆದು, ಕಟ್ಟಡಕ್ಕೆ ತಾಗುವ ಕೊಂಬೆಗಳನ್ನು ಕಡಿದು ಮುಗಿಸಿದ್ದರು. ಇದಕ್ಕಿಂತಲೂ ನಾನು ಮೆಚ್ಚಿದ್ದು ಚಿರೆಕಲ್ಲಿನ ಕಾಲುದಾರಿಯ ಆರೈಕೆಯನ್ನು. ಆಷಾಢದಲ್ಲಿ ಬಿಸಿಲೇ ಕಾಣದಿರುವಾಗ ಆ ಕಲ್ಲಿನ ಮೇಲೆ ಕಟ್ಟುವ ಹಾವಸೆ ಊರುಗೋಲು ಹಿಡಿದು ನಡೆಯುವವರಿಗೆ ಎಷ್ಟು ಅಪಾಯಕಾರಿ ಎಂಬುದನ್ನು ಇಲ್ಲಿ ಬಾಳಿದವರಿಗೆ ಹೇಳಬೇಕಾಗಿಲ್ಲ. ಈ ವಯಸ್ಸಿನಲ್ಲಿ ಸೊಂಟದ ಮೂಳೆ ಮುರಿದರೆ ಎಷ್ಟೋ ಜನ ಮತ್ತೆ ಮೊದಲಿನಂತೆ ನಡೆಯುವುದಿಲ್ಲ. ವಾರವಾರವೂ ಬ್ಲೀಚಿಂಗ್ ಪುಡಿ ಹಾಕಿ ಗಟ್ಟಿ ಬ್ರಷ್‌ನಿಂದ ತಿಕ್ಕಿ ತೊಳೆದರು. ಅದರ ಜೊತೆ ಆಸಿಡ್ ಬೆರೆತರೆ ಕ್ಲೋರಿನ್ ಅನಿಲ ಏಳುತ್ತದೆಂದು, ಎರಡನ್ನೂ ಬೇರೆ ಬೇರೆ ಕೋಣೆಯಲ್ಲಿಟ್ಟು ಬೀಗ ಹಾಕಿಸಿದ್ದಾರೆ.

ಹೆಸ್ಕಾಂ ವಿದ್ಯುತ್ ಗಾಳಿಮಳೆಗೆ ಹೋಗುವುದು ಇಲ್ಲಿ ವಾಡಿಕೆಯೇ ಆದುದರಿಂದ ಜನರೇಟರನ್ನು ವಾರಕ್ಕೊಮ್ಮೆ ವಿದ್ಯುತ್ ಹೊರೆ (ಲೋಡ್) ಹಾಕಿಯೇ ಓಡಿಸಿ ನೋಡುತ್ತಾರೆ. ಸೋರಿಕೆ ವಿದ್ಯುತ್ತಿನಿಂದ ಕಾಪಾಡುವ 30 ಮಿಲಿಆಂಪಿಯರ್ ಬ್ರೇಕರ್‌ಗಳ ಪರೀಕ್ಷಾ ಗುಂಡಿಯನ್ನು ಮನೆಮನೆಗೂ ಹೋಗಿ ಒತ್ತಿ, ಕೆಲಸ ಮಾಡದವನ್ನು ಬದಲಿಸಿದರು. ಸೆಪ್ಟಿಕ್ ಟ್ಯಾಂಕಿಗೆ ಮನುಷ್ಯರನ್ನು ಇಳಿಸುವುದಿಲ್ಲ, ಹೀರುಯಂತ್ರದ ವಾಹನವನ್ನೇ ತರಿಸುತ್ತೇವೆ ಎಂದು ಕರಾರಿನಲ್ಲಿ ಬರೆದುಕೊಟ್ಟಿದ್ದಾರೆ. ರಕ್ಷಣಾ ಸಲಕರಣೆಯಿಲ್ಲದೆ ಜನರನ್ನು ಟ್ಯಾಂಕಿಗಿಳಿಸುವುದನ್ನು 2013ರ ಮಲ ಹೊರುವ ಪದ್ಧತಿ ನಿಷೇಧ ಕಾಯ್ದೆ ನಿಷೇಧಿಸಿದ್ದರೂ ಇದನ್ನು ಬರೆಸಿಕೊಳ್ಳುವ ಸಮಿತಿಗಳು ವಿರಳ, ಆದ್ದರಿಂದ ಒತ್ತಿ ಹೇಳುತ್ತಿದ್ದೇನೆ. ಕೆಲಸಗಾರರ ಇಎಸ್‌ಐ (ನೌಕರರ ರಾಜ್ಯ ವಿಮೆ) ಮತ್ತು ಭವಿಷ್ಯನಿಧಿ ಪಾವತಿಯ ರಸೀದಿಯನ್ನೂ ಪ್ರತಿ ತಿಂಗಳು ಕೇಳಿ ಪಡೆಯಬೇಕು. ಕಾಯ್ದೆ ಅನ್ವಯವಾಗುವಲ್ಲಿ ಗುತ್ತಿಗೆದಾರ ಕಟ್ಟದಿದ್ದರೆ ಹೊಣೆ ಕೆಲಸ ಮಾಡಿಸಿದವರ ತಲೆಗೇ ಬರುತ್ತದೆ.

ಇನ್ನು ತಕರಾರುಗಳು. ಚೌತಿಗೆ ಅವರ ಕೆಲಸಗಾರರೆಲ್ಲ ಒಟ್ಟಿಗೇ ಊರಿಗೆ ಹೋದರು. ನಮ್ಮ ಜಿಲ್ಲೆಯಲ್ಲಿ ಚೌತಿಗೆ ಮನೆಗೆ ಹೋಗಬೇಡಿ ಎಂದು ಯಾರೂ ಯಾರಿಗೂ ಹೇಳಲಾರರು, ಹೇಳಲೂಬಾರದು. ಆದರೆ ಬದಲಿ ವ್ಯವಸ್ಥೆ ಮಾಡಬೇಕಾದದ್ದು ಗುತ್ತಿಗೆದಾರರ ಕರ್ತವ್ಯ. ಅದೇ ಸಮಯದಲ್ಲಿ ನೀರೆತ್ತುವ ಪಂಪ್ ನಿಂತು, ಮೇಲಿನ ಮಹಡಿಯವರು ಹಬ್ಬದ ದಿನ ಕೊಡ ಹಿಡಿದು ಕಾಯಬೇಕಾಯಿತು. ಎರಡನೆಯದಾಗಿ, ಮೊದಲೇ ತಿಳಿಸದೆ ಪ್ರತಿ ಸಲವೂ ಹೊಸ ಮುಖದ ಪ್ಲಂಬರನ್ನು ಕಳುಹಿಸುತ್ತಾರೆ. ಒಂಟಿಯಾಗಿರುವ ವೃದ್ಧೆಯೊಬ್ಬರು ಗುರುತು ಸಿಗದವನಿಗೆ ಬಾಗಿಲು ತೆರೆಯಲು ಹೆದರಿ, ನಲ್ಲಿ ಸೋರುತ್ತಿದ್ದರೂ ಸುಮ್ಮನಿದ್ದರು. ಈ ವಿಷಯವನ್ನು ಗುತ್ತಿಗೆದಾರರು ಇನ್ನೂ ಗಂಭೀರವಾಗಿ ತೆಗೆದುಕೊಂಡಂತೆ ಕಾಣುವುದಿಲ್ಲ.

ಹಣದ ವಿಚಾರದಲ್ಲಿ ಗೊಂದಲವಿಲ್ಲ. ಕೂಲಿಯ ಮೊತ್ತ ತಿಂಗಳಿಗೆ ನಿಗದಿಯಾಗಿದೆ, ಸಾಮಗ್ರಿಗೆ ಅಂಗಡಿಯ ಬಿಲ್ಲನ್ನೇ ಲಗತ್ತಿಸುತ್ತಾರೆ, ಜಿಎಸ್‌ಟಿ 18% ಪ್ರತ್ಯೇಕವಾಗಿ ತೋರಿಸುತ್ತಾರೆ.

ಮುಂದಿನ ವರ್ಷಕ್ಕೂ ಇವರನ್ನೇ ಮುಂದುವರಿಸಬೇಕೆಂದು ಸಮಿತಿಗೆ ಶಿಫಾರಸು ಮಾಡಿದ್ದೇನೆ. ಚೌತಿ ಮತ್ತು ದೀಪಾವಳಿಯಲ್ಲಿ ಪಂಪ್, ಲಿಫ್ಟ್, ಜನರೇಟರ್ ಬಲ್ಲ ಒಬ್ಬರಾದರೂ ಸ್ಥಳದಲ್ಲಿರಬೇಕು, ಮನೆಯೊಳಗೆ ಬರುವವರ ಭಾವಚಿತ್ರವಿರುವ ಪಟ್ಟಿಯನ್ನು ಮುಂಚಿತವಾಗಿ ಕೊಡಬೇಕು, ತಪ್ಪಿದರೆ ಆ ತಿಂಗಳ ಮೊತ್ತದಲ್ಲಿ ಕಡಿತ ಮಾಡಲಾಗುವುದು ಎಂಬ ಷರತ್ತುಗಳನ್ನು ಹೊಸ ಕರಾರಿನ ಕರಡಿಗೆ ಸೇರಿಸಿದ್ದೇವೆ. ಮೊದಲನೆಯದಕ್ಕೆ ಅವರು ಒಪ್ಪಿದ್ದಾರೆ, ಉಳಿದವುಗಳ ಬಗ್ಗೆ ಮಾತುಕತೆ ನಡೆಯುತ್ತಿದೆ.